ಒಂಟಿ ನಿಂತವರನ್ನು ಜೋಡಿಸುವವಳು

ನಮ್ಮ ಅತ್ತಿಗೆಯ ಕೆಲಸ ಏನು ಅಂತ ಕೇಳಿದವರಿಗೆಲ್ಲ ವಿವರಿಸಿ ನನ್ನ ಬಾಯಿ ಸೋತಿದೆ. ಅಡುಗೆಯವಳಲ್ಲ, ಬಡಿಸುವವಳಲ್ಲ, ಹಾಡುವವಳಂತೂ ಅಲ್ಲವೇ ಅಲ್ಲ. ನಗರದ ದೊಡ್ಡ ಸಮ್ಮೇಳನ ಭವನಕ್ಕೆ ಹತ್ತಾರು ದೇಶಗಳ ಪ್ರತಿನಿಧಿಗಳು ಬರುತ್ತಾರೆ. ಹಗಲೆಲ್ಲ ಭಾಷಣ ಕೇಳಿ ತೂಕಡಿಸಿ, ಸಂಜೆ ಪಾರ್ಟಿಗೆ ಸೇರುತ್ತಾರೆ. ಆ ಪಾರ್ಟಿಯಲ್ಲಿ ಯಾರೂ ಒಂಟಿಯಾಗಿ ನಿಲ್ಲದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸ. "ಇದಕ್ಕೂ ಸಂಬಳ ಕೊಡ್ತಾರಾ?" ಅಂತ ನಮ್ಮ ಚಿಕ್ಕಪ್ಪ ಬಾಯಿ ಬಿಟ್ಟಿದ್ದರು. "ಕೊಡ್ತಾರೆ ಚಿಕ್ಕಪ್ಪ, ನೀವು ಜಗಲಿ ಮೇಲೆ ಕೂತು ಹರಟಿದ್ದಕ್ಕೆ ಯಾರೂ ಕೊಡಲಿಲ್ಲ ಅಷ್ಟೆ" ಅಂದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಎಂಥ ದೊಡ್ಡ ಮನುಷ್ಯನಾಗಲಿ, ಗುರುತಿಲ್ಲದವರ ನಡುವೆ ಕೈಯಲ್ಲೊಂದು ಲೋಟ ಕೊಟ್ಟು ನಿಲ್ಲಿಸಿದರೆ ಶಾಲೆಯ ಮೊದಲ ದಿನದ ಮಗುವಿನಂತಾಗುತ್ತಾನೆ. ಗೋಡೆಗೆ ಒರಗುತ್ತಾನೆ, ಫೋನಿನಲ್ಲಿ ಏನೋ ಘನಂದಾರಿ ವಿಷಯ ಇರುವಂತೆ ನೋಡುತ್ತಾನೆ. ಅತ್ತಿಗೆ ಅಂಥವರನ್ನು ಹುಡುಕಿ ಹೋಗುತ್ತಾಳೆ. ಮೊದಲು ಕತ್ತಿನಿಂದ ಎದೆಯ ಮೇಲೆ ಇಳಿಬಿದ್ದ ಬ್ಯಾಡ್ಜ್ ನೋಡುತ್ತಾಳೆ, ಆಮೇಲೆ ನಗುತ್ತಾಳೆ, ಆಮೇಲೆ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುತ್ತಾಳೆ. ಒಬ್ಬನ ಮನೆಯಲ್ಲಿ ಕುಂಟು ನಾಯಿ ಇದ್ದರೆ, ಆ ಕಡೆ ಕಿಟಕಿಯ ಹತ್ತಿರ ನಿಂತ ಹೆಂಗಸಿನ ಮನೆಯಲ್ಲಿ ಕುರುಡು ಬೆಕ್ಕು ಇದೆ ಅಂತ ಅವಳಿಗೆ ಆಗಲೇ ಗೊತ್ತಿರುತ್ತದೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಒಂದು ಮಾತು ಆಡಿ ಹಿಂದೆ ಸರಿಯುತ್ತಾಳೆ. ನಿಂತು ಕೇಳಬಾರದು, ಅದು ಅವಳದೇ ಕಟ್ಟುನಿಟ್ಟು. ಹೊಲಿದು ಆಚೆ ಬರುತ್ತಾಳೆ ಅಂತ ಮ್ಯಾನೇಜರ್ ಅವಳಿಗೆ 'ಸೂಜಿ' ಅಂತ ಹೆಸರಿಟ್ಟರು. ಭವನದಲ್ಲಿ ಎಲ್ಲರಿಗೂ ಅವಳು ಸೂಜಿಯೇ.

ಹಾಸ್ಟೆಲಿನಲ್ಲಿ ಬೆಳೆದವಳು. ಹಿಂದೆ ಮುಂದೆ ಯಾರೂ ಇಲ್ಲ. ಭವನಕ್ಕೆ ಲೋಟ ತೊಳೆಯಲು ಬಂದು ಸೇರಿ, ಅತಿಥಿಗಳ ಭಾಷೆ ಕಲಿತು ಈ ಕೆಲಸಕ್ಕೆ ಏರಿದ್ದಳು. ನನ್ನ ಅಣ್ಣ ಲಿಫ್ಟ್ ರಿಪೇರಿಯವನು. ಅಲ್ಲಿನ ಲಿಫ್ಟು ಕೆಟ್ಟಿದ್ದಕ್ಕೆ ಹೋದವನು, ಅದು ಸರಿಹೋದ ಮೇಲೂ ದಿನಾ ಹೋಗುತ್ತಿದ್ದ. ಅಮ್ಮ "ಆ ಲಿಫ್ಟಿಗೆ ಏನು ದೊಡ್ಡರೋಗವೋ?" ಅಂತ ಕೇಳಿ ಕೇಳಿ ಕೊನೆಗೆ ಮದುವೆ ಮಾಡಿಸಿದಳು. ನನಗೆ ಅಲ್ಲಿ ತಟ್ಟೆ ಕೌಂಟರಿನಲ್ಲಿ ಕೆಲಸ ಕೊಡಿಸಿದ್ದು ಅತ್ತಿಗೆಯೇ. ಊರವರನ್ನೆಲ್ಲ ಮಾತಾಡಿಸುವವಳು ಮನೆಯಲ್ಲಿ ಮೂಕಿ. ಏನು ಕೇಳಿದರೂ "ಹೂಂ". ನಕ್ಕು ನಕ್ಕು ದವಡೆ ನೋಯುತ್ತದೆ ಅಂತ ರಾತ್ರಿ ಅಣ್ಣ ಬಟ್ಟೆ ಬಿಸಿ ಮಾಡಿ ಅವಳ ಕೆನ್ನೆಗೆ ಶಾಖ ಕೊಡುತ್ತಿದ್ದ. ಅಮ್ಮ ಅದನ್ನು ನೋಡಿ "ಮಹಾರಾಣಿಯ ಸೇವೆ ಆಯ್ತೇನಪ್ಪ?" ಅನ್ನುತ್ತಿದ್ದಳು. ಬಾಯಿ ಮಾತ್ರ ಹಾಗೆ. ಸೊಸೆ ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳೇ.

ಅಣ್ಣ ಕೆಲಸದ ಮೇಲೆ ಇರುವಾಗಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇರಲಿಲ್ಲ.

ಅವನನ್ನು ಮನೆಗೆ ತಂದು ಮಲಗಿಸಿದೆವು. ಜನ ಬಂದರು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಬಂದವರ ಎದೆಯ ಕಡೆಗೊಮ್ಮೆ ನೋಡಿದಳು, ಅಲ್ಲಿ ಏನೂ ನೇತಾಡುತ್ತಿರಲಿಲ್ಲ, ಆದರೂ ನಕ್ಕಳು. "ಬನ್ನಿ ಬನ್ನಿ, ಒಬ್ಬರೇ ಬಂದ್ರಾ?" ಅಂದಳು. ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ವೆಲ್ಡರ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನನ್ನು ಎಬ್ಬಿಸಿಕೊಂಡು ಹೋಗಿ ಚಿಕ್ಕಪ್ಪನ ಎದುರು ನಿಲ್ಲಿಸಿ "ನಿಮಗೂ ಮಂಡಿ ನೋವು, ಇವರಿಗೂ ಮಂಡಿ ನೋವು" ಅಂದಳು. ಎರಡು ಮಾತು ನಾಲ್ಕಾಯಿತು. ಆ ಕಡೆ ಇನ್ನಿಬ್ಬರು, ಈ ಕಡೆ ಮತ್ತಿಬ್ಬರು. ಸ್ವಲ್ಪ ಹೊತ್ತಿಗೆ ಮನೆ ತುಂಬಾ ಗಿಜಿಗಿಜಿ ಮಾತು. ಮಂಡಿ ನೋವಿನ ಎಣ್ಣೆಯ ವಿಷಯಕ್ಕೆ ಚಿಕ್ಕಪ್ಪ ಕಿಸಕ್ಕನೆ ನಕ್ಕೂಬಿಟ್ಟರು. ನಡುವೆ ಅಣ್ಣ ಮಲಗಿದ್ದ.

ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಸಂಜೆ ಅವನನ್ನು ಕಳಿಸಿ ಬಂದ ಮೇಲೆ ಅಂದದ್ದು ಒಂದೇ ಮಾತು. "ನನ್ನ ಮಗನ ಹೆಣದ ಮುಂದೆ ಪಾರ್ಟಿ ಮಾಡಿದಳು."

ಆಡುವವರ ಬಾಯಿಗೆ ಬೀಗ ಇದೆಯೇ? ಒಂದು ಹನಿ ಕಣ್ಣೀರು ಹಾಕಲಿಲ್ಲವಂತೆ, ಎಲ್ಲೋ ಬೇರೆ ಕಡೆ ಮನಸ್ಸಿದೆಯಂತೆ, ಅಂತೆಕಂತೆ ಬೀದಿಯ ತುಂಬಾ. ನಾನು "ಒಂದ್ಸಲ ಅತ್ತುಬಿಡೇ ಅತ್ತಿಗೆ, ಅಮ್ಮನ ಮುಂದೆ" ಅಂದೆ. "ಹೂಂ" ಅಂದಳು. ಅಳಲಿಲ್ಲ. ನಿದ್ದೆಯೂ ಮಾಡುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅಮ್ಮ ಅವಳ ಜೊತೆ ಮಾತು ಬಿಟ್ಟಳು, ಆಮೇಲೆ ಅವಳು ಬಡಿಸಿದ ಊಟ ಬಿಟ್ಟಳು, ಕೊನೆಗೆ ಮನೆಯನ್ನೇ ಬಿಡುತ್ತೇನೆ ಅಂದಳು. "ಅವಳ ಮುಖ ನೋಡ್ಕೊಂಡು ಇರೋಕೆ ನನ್ನ ಕೈಲಾಗಲ್ಲ ಕಣೆ. ನಿನ್ನ ಮನೆಗೆ ಬರ್ತೀನಿ." ಅಮ್ಮ ಬಂದರೆ ಅತ್ತಿಗೆ ಆ ಮನೆಯಲ್ಲಿ ಒಬ್ಬಳೇ. ಅವಳಿಗೆ ಈ ಭೂಮಿಯ ಮೇಲೆ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ ಅಂತ ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಆದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದವಳಿಗೆ ಏನು ಹೇಳಲಿ? ನನಗೂ ಸಿಟ್ಟಿತ್ತು. ನನ್ನ ಅಣ್ಣನಿಗೆ ಒಂದು ಹನಿ ಕಣ್ಣೀರಿಗೂ ಗತಿಯಿಲ್ಲವೇ ಅಂತ.

ಹೊರಡುವ ದಿನ ಬೆಳಿಗ್ಗೆ ಅಮ್ಮನ ಬಟ್ಟೆಗಳನ್ನು ಮಡಿಚಿ ಬ್ಯಾಗಿಗೆ ಹಾಕಿದ್ದು ಅತ್ತಿಗೆಯೇ. ಮಾತ್ರೆ ಮರೆಯದೆ ಇಟ್ಟಳು, ಉಣ್ಣೆಯ ಕಾಲುಚೀಲ ಇಟ್ಟಳು. "ನೋಡಿದ್ಯಾ, ಕಳಿಸೋಕೆ ಎಷ್ಟು ಆತುರ" ಅಂದಳು ಅಮ್ಮ, ಅವಳಿಗೆ ಕೇಳಿಸುವ ಹಾಗೆ. ಅತ್ತಿಗೆ ಜಿಪ್ ಎಳೆದು ಕೆಲಸಕ್ಕೆ ಹೋದಳು.

ಅವತ್ತು ಭವನದಲ್ಲಿ ಕಿವಿ ಡಾಕ್ಟರುಗಳ ಸಮ್ಮೇಳನ. ಸಂಜೆ ಕಿವಿ ಕಿತ್ತುಹೋಗುವ ಹಾಗೆ ಸಂಗೀತ ಹಾಕಿದ್ದರು, ಅಷ್ಟು ಜನ ಡಾಕ್ಟರುಗಳಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ನನಗೆ ರಜೆ ಸಿಕ್ಕಿರಲಿಲ್ಲ, ನನ್ನ ಮನೆಯ ಬೀಗದ ಕೈ ಗಂಡನ ಹತ್ತಿರ, ಅವರು ಇನ್ನೂ ಬಂದಿರಲಿಲ್ಲ. ಅಮ್ಮನನ್ನು ಬ್ಯಾಗಿನ ಸಮೇತ ಭವನಕ್ಕೇ ಕರೆದುಕೊಂಡು ಹೋದೆ. ಬ್ಯಾಡ್ಜ್ ಇಲ್ಲದವರು ಒಳಗೆ ಕೂರುವಂತಿಲ್ಲ. ಕಾವಲಿನವರನ್ನು ಕಾಡಿಬೇಡಿ 'ಅತಿಥಿ' ಅಂತ ಬರೆದ ಬ್ಯಾಡ್ಜನ್ನು ಅಮ್ಮನ ಕೊರಳಿಗೆ ಹಾಕಿಸಿ, ನನ್ನ ಕೌಂಟರಿನ ಪಕ್ಕದ ಕಂಬದ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಅತ್ತಿಗೆಗೆ ಇದು ಗೊತ್ತಿರಲಿಲ್ಲ. ಅವಳು ಆ ತುದಿಯಲ್ಲಿ ಇಬ್ಬರು ಬೋಳುತಲೆಯವರನ್ನು ಸೇರಿಸುತ್ತಿದ್ದಳು.

"ನೋಡು, ಹೆಂಗೆ ನಗ್ತಾಳೆ" ಅಂದಳು ಅಮ್ಮ.

ನಾನು ತಟ್ಟೆ ಒರೆಸಿದೆ.

ಅತ್ತಿಗೆ ಗೋಡೆಯ ಉದ್ದಕ್ಕೂ ನೋಡುತ್ತಾ ನಮ್ಮ ಕಡೆಗೇ ಬಂದಳು. ಕಂಬದ ಹತ್ತಿರ ಒಬ್ಬರೇ ಕೂತವರು ಕಂಡರು. ನೆಟ್ಟಗೆ ಬಂದು ಅಮ್ಮನ ಎದುರು ಬಗ್ಗಿ, ಎದೆಯ ಮೇಲಿನ ಬ್ಯಾಡ್ಜ್ ನೋಡಿ, ನಕ್ಕು, ಪರದೇಶದವರ ಭಾಷೆಯಲ್ಲಿ ಏನೋ ಕೇಳಿದಳು. ಅಮ್ಮ ಕಣ್ಣು ಕಣ್ಣು ಬಿಟ್ಟಳು. ಉತ್ತರ ಬಾರದ್ದಕ್ಕೆ ಅತ್ತಿಗೆ ನಮ್ಮ ಮಾತಿಗೆ ಹೊರಳಿದಳು.

"ನಮಸ್ಕಾರ. ಒಬ್ಬರೇ ಕೂತಿದ್ದೀರಲ್ಲ, ಬೇಜಾರಾಗ್ತಿಲ್ವಾ? ಮನೇಲಿ ಯಾರ್ಯಾರಿದ್ದಾರೆ?"

ತಮಾಷೆ ಅಂದುಕೊಂಡೆ ಮೊದಲು. ಇದೆಂಥ ಕೆಟ್ಟ ತಮಾಷೆ ಅಂತ ತಟ್ಟೆ ಕೆಳಗಿಟ್ಟೆ. ಆಮೇಲೆ ಅವಳ ಕಣ್ಣು ನೋಡಿದೆ. ಅವು ಅಮ್ಮನ ಮೇಲೇ ಇದ್ದವು, ಆದರೆ ಅಮ್ಮನನ್ನು ನೋಡುತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಅತ್ತೆಯ ಗುರುತು ಅವಳಿಗೆ ಹತ್ತಿರಲಿಲ್ಲ.

ಅಮ್ಮನಿಗೆ ಅದು ಇನ್ನೂ ತಿಳಿದಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು "ಮಗ ಇದ್ದ. ಈಗ ಇಲ್ಲ" ಅಂದಳು.

ಅತ್ತಿಗೆ ನಗುವನ್ನು ಅಂಥ ಮಾತಿಗೆ ಎಷ್ಟು ಇಳಿಸಬೇಕೋ ಅಷ್ಟು ಇಳಿಸಿದಳು.

"ಅಯ್ಯೋ, ಪಾಪ. ಇಲ್ಲೇ ಇನ್ನೊಬ್ಬಳಿದ್ದಾಳೆ ನೋಡಿ. ಅವಳ ಗಂಡ ಹೋಗಿ ತಿಂಗಳೂ ಆಗಿಲ್ಲ. ಯಾರ ಹತ್ರಾನೂ ಮಾತಾಡಲ್ಲ, ಒಬ್ಬಳೇ ಇರ್ತಾಳೆ. ನಿಮಗೂ ಅವಳಿಗೂ ಸರಿಹೋಗುತ್ತೆ. ಒಂದು ನಿಮಿಷ ಇರಿ, ಕರ್ಕೊಂಡು ಬರ್ತೀನಿ."

ಅಂದವಳು ತಿರುಗಿ ಹುಡುಕತೊಡಗಿದಳು. ಕಿಟಕಿಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು, ಹಿಮ್ಮಡಿ ಎತ್ತಿ ಡಾಕ್ಟರುಗಳ ತಲೆಗಳ ಆಚೆ ನೋಡಿದಳು. "ಈಗ ಇಲ್ಲೇ ಇದ್ದಳಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು.

ಕೌಂಟರ್ ದಾಟಿ ಹೋಗಲು ಹೊರಟ ನನ್ನನ್ನು ಅಮ್ಮ ಕೈ ಎತ್ತಿ ತಡೆದಳು. ಅಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಎದ್ದಳು.

"ನಡಿಯಮ್ಮ, ನಾನೂ ಬರ್ತೀನಿ. ಇಬ್ಬರೂ ಹುಡುಕೋಣ" ಅಂದಳು.

ಅತ್ತಿಗೆಯ ಕೈ ಹಿಡಿದುಕೊಂಡಳು. ಇಬ್ಬರೂ ಆ ಗದ್ದಲದ ನಡುವೆ ಹೊರಟರು. ಜೋಡಿ ಜೋಡಿಯಾಗಿ ನಿಂತು ಮಾತಾಡುತ್ತಿದ್ದ ಡಾಕ್ಟರುಗಳು ಸರಿದು ದಾರಿ ಬಿಟ್ಟರು. ಅಮ್ಮ ಕಾಲು ನೋವಿನವಳು, ಆದರೂ ಒಂದು ಮೂಲೆ ಬಿಡಲಿಲ್ಲ. ಅತ್ತಿಗೆ ಎಲ್ಲಿ ಇಣುಕಿದಳೋ ಅಲ್ಲೆಲ್ಲ ತಾನೂ ಇಣುಕಿದಳು. "ಇಲ್ಲಿಲ್ಲ ಅಲ್ವಾ?" "ಇಲ್ಲ." "ಅಲ್ಲಿ ನೋಡೋಣ." ಹೀಗೇ ಇಡೀ ಸಭಾಂಗಣ ಸುತ್ತಿದರು. ನಾನು ತಟ್ಟೆ ಕೇಳಿದವರಿಗೆ ಲೋಟ ಕೊಟ್ಟೆ, ಲೋಟ ಕೇಳಿದವರಿಗೆ ಏನು ಕೊಟ್ಟೆನೋ ನೆನಪಿಲ್ಲ.

ಸುತ್ತಿ ಬಂದು ನನ್ನ ಕೌಂಟರಿನ ಎದುರಿಗೇ ಅಮ್ಮ ನಿಂತಳು. ಅತ್ತಿಗೆ ಇನ್ನೂ ಹುಡುಕುತ್ತಲೇ ಇದ್ದಳು. ಅಮ್ಮ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಸಿಕ್ಕಳು ಬಿಡೇ" ಅಂದಳು.

"ಎಲ್ಲಿ?" ಅಂದಳು ಅತ್ತಿಗೆ.

ಆಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ತುಟಿಯ ಮೇಲಿದ್ದ ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಆ ನಗು ಇಲ್ಲದ ಅವಳ ಮುಖ ಹೇಗಿದೆ ಅಂತ, ಅಣ್ಣ ತೀರಿಕೊಂಡ ಮೇಲೆ ನಾನು ನೋಡಿದ್ದು ಅವತ್ತೇ. ನೋಡಲಾಗಲಿಲ್ಲ.

"ಅತ್ತೇ, ನೀವು ಹೊರಟು ಹೋಗಿದ್ರಲ್ಲ?" ಅಂದಳು.

"ಎಲ್ಲೂ ಹೋಗಿಲ್ಲ ಕಣೆ" ಅಂದಳು ಅಮ್ಮ. ನನ್ನ ಕಡೆ ತಿರುಗಿ, "ಆ ಬ್ಯಾಗ್ ಕೊಡೇ ಇಲ್ಲಿ. ನಾವಿಬ್ಬರೂ ಮನೆಗೆ ಹೋಗ್ತೀವಿ" ಅಂದಳು.