ನಡೆಸಿ ನೋಡುವ ಮಾವ

“ನಿಮ್ಮನೆಯವ್ರು ಈ ವಾರ ಯಾವ ಕೆಲಸದಲ್ಲಿದ್ದಾರಮ್ಮಾ?” ಎಂದೇ ನೆರೆಯವರು ಮಾವನ ಹೆಂಡತಿಯನ್ನು ಮಾತಾಡಿಸುತ್ತಿದ್ದರು. ಓಣಿಗೆಲ್ಲ ಮಾವನಾದ ಈ ಮನುಷ್ಯ ಬಡಗಿಯಾದರು, ದರ್ಜಿಯಾದರು, ಚಪ್ಪಲಿ ಹೊಲಿದರು. ಎಲ್ಲೂ ವರ್ಷ ತುಂಬಲಿಲ್ಲ. ಕುರ್ಚಿ ಕೊಳ್ಳಲು ಬಂದವರನ್ನೂ “ಸ್ವಲ್ಪ ನಡೆದು ತೋರಿಸಿ” ಎಂದು ಅಂಗಡಿಯುದ್ದ ಓಡಾಡಿಸಿದರೆ ಯಾವ ಯಜಮಾನ ತಾನೇ ಇಟ್ಟುಕೊಂಡಾನು? “ಐವತ್ತಾಯ್ತು, ಇನ್ನಾದ್ರೂ ಒಂದು ಕಡೆ ನಿಲ್ರೀ” ಎಂದು ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕುಂಟುತ್ತ ನೀರು ಹೊರುತ್ತಿದ್ದ ತಾಯಿಯ ಹಿಂದೆ ನಡೆದು ಬೆಳೆದವರು ಮಾವ. ಅವರ ಕಣ್ಣು ಸದಾ ಎದುರಿನವರ ಕಾಲಿನ ಮೇಲೆಯೇ. ಕೊನೆಗೆ ಕೃತಕ ಕಾಲು ಮಾಡುವ ಕಾರ್ಖಾನೆಯಲ್ಲಿ ಆ ಚಟವೇ ಉದ್ಯೋಗವಾಯಿತು. ಮರ, ದಾರ, ಚರ್ಮದ ಕಸುಬು ಮೂರೂ ಕೈಗೊದಗಿದವು. ಮೂರು ವರ್ಷ ಕಳೆದ ಮೇಲೆ, ಮನೆ ಬದಲಿಸಿ ಕಾರ್ಖಾನೆಯ ಪಕ್ಕದ ಮನೆಗೆ ಹೊರಟ ಬೆಳಿಗ್ಗೆ, ಹಳೆಯ ಮನೆಯ ಬಾಗಿಲಲ್ಲಿ ಹೊರಡಲು ಮನಸ್ಸಾಗದೆ ನಿಂತ ಮಾವನನ್ನು ಹೆಂಡತಿಯೇ ಗದರಿದರು: “ನಡೀರಿ, ಹೊತ್ತಾಯ್ತು! ಇವತ್ತು ಯಾರೋ ಅಜ್ಜಿ ಹೊಸ ಕಾಲಲ್ಲಿ ಮೊದಲ ಹೆಜ್ಜೆ ಇಡ್ತಾರೆ ಅಂದ್ರಲ್ಲ?” ಬೀಗ ಹಾಕುವುದನ್ನೂ ಅವರಿಗೇ ಬಿಟ್ಟು ಮಾವ ಹೊಸಿಲು ದಾಟಿ ಬಿರಬಿರನೆ ನಡೆದರು.