ಗಂಗಮ್ಮ ಕತ್ತರಿಸದ ಕೂಪನ್

1979ರಲ್ಲಿ ನಾನು ಸಾಗರದ ನಾಲ್ಕು ಪುಟದ ಒಂದು ವಾರಪತ್ರಿಕೆಯಲ್ಲಿ ಪ್ರಸರಣ ವ್ಯವಸ್ಥಾಪಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಪತ್ರಿಕೆಯ ಕಟ್ಟುಗಳಿಗೆ ವಿಳಾಸ ಬರೆದು ಹೊಸನಗರ, ತೀರ್ಥಹಳ್ಳಿಯ ಬಸ್ಸುಗಳಿಗೆ ಹಾಕುವುದು. ಎಷ್ಟು ಪ್ರತಿ ಹೋಗುತ್ತದೆಂದು ಗೊತ್ತಿತ್ತು. ಯಾರು ಏನನ್ನು ಓದುತ್ತಾರೆಂದು ಗೊತ್ತಿರಲಿಲ್ಲ, ಅದು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನಮ್ಮ ಪತ್ರಿಕೆ ಬಿಡಿಸಿದರೆ ಹಿಂದಿನ ಸೀಟಿಗೆ ಹೋಗಿ, ಅವರು ಯಾವ ಪುಟ ಓದುತ್ತಿದ್ದಾರೆಂದು ಇಣುಕುತ್ತಿದ್ದೆ. ಒಬ್ಬರು ಜೇಬು ಮುಟ್ಟಿ ನೋಡಿಕೊಂಡದ್ದೂ ಉಂಟು.

ಕೊನೆಗೆ ಸಂಪಾದಕರನ್ನು ಒಪ್ಪಿಸಿ ಪ್ರತಿ ವಾರ ಮೂರನೇ ಪುಟದ ಕೆಳಗೆ ಒಂದು ಕೂಪನ್ ಹಾಕಿಸಿದೆ. ಅದರಲ್ಲಿ ನಮ್ಮ ಐದು ಅಂಕಣಗಳ ಹೆಸರು. ಮೆಚ್ಚಿದ್ದಕ್ಕೆ ಗುರುತು ಹಾಕಿ, ಕತ್ತರಿಸಿ, ಅಂಚೆಗೆ ಹಾಕಬೇಕು. ಆರು ವಾರ ಅಂಚೆಯವನಿಗೆ ಕಾದು ಮೆಟ್ಟಿಲ ಮೇಲೆ ನಿಂತಿದ್ದೇ ನಿಂತಿದ್ದು. ಬಂದದ್ದು ಇನ್ನೂರ ಹನ್ನೆರಡು. ತೀರ್ಥಹಳ್ಳಿಯವರು ಸಿನಿಮಾ ಅಂಕಣಕ್ಕೆ ಮುಗಿಬಿದ್ದಿದ್ದರು. 'ಅರ್ಜಿ ಬರೆಯುವ ಬಗೆ' ಅಂಕಣಕ್ಕೆ ಒಂದೂ ಇರಲಿಲ್ಲ.

ಅದನ್ನು ಬರೆಯುತ್ತಿದ್ದವರು ಹೊಸನಗರದ ಮಂಜಪ್ಪನವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ವಾರಕ್ಕೊಂದು ಅರ್ಜಿಯ ಮಾದರಿ ಕೊಡುತ್ತಿದ್ದರು.

"ಹಳೇ ಮನುಷ್ಯ ಕಣ್ರೀ, ಇನ್ನೊಂದಷ್ಟು ದಿನ ನೋಡೋಣ" ಎಂದರು ಸಂಪಾದಕರು.

"ಸೊನ್ನೆ ಬಂದಿದೆ ಸಾರ್, ಇನ್ನೇನು ನೋಡೋದು?" ಎಂದೆ. ಆ ದಿನಗಳಲ್ಲಿ ನನಗೆ ಕೊಂಬು ಬಂದಿತ್ತು. ಹಟ ಹಿಡಿದು ಸಂಪಾದಕರನ್ನು ಒಪ್ಪಿಸಿ, ಮಂಜಪ್ಪನವರಿಗೆ ಎರಡು ಸಾಲಿನ ಕಾರ್ಡು ಬರೆದು ಅಂಕಣ ನಿಲ್ಲಿಸಿದೆ. ಮನೆ ಜಾಗದ ಹಕ್ಕುಪತ್ರಕ್ಕೆ ಅರ್ಜಿ ಬರೆಯುವ ಬಗೆಯನ್ನು ಅವರು ಎರಡು ಕಂತಿನಲ್ಲಿ ಕೊಡುವವರಿದ್ದರು. ಮೊದಲನೆಯದಷ್ಟೇ ಅಚ್ಚಾಗಿತ್ತು. ಅದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ವಾರ ಕಳೆದು ಲಾಂಚಿನಲ್ಲಿ ಹೊಳೆ ದಾಟಿ ತುಮರಿಗೆ ಹೋದೆ. ಅಲ್ಲಿ ನಮ್ಮ ಪತ್ರಿಕೆ ಮಾರುತ್ತಿದ್ದವರು ಚಹಾದಂಗಡಿಯ ಗಂಗಮ್ಮ. ಲೋಟ ಮುಂದಿಟ್ಟು ಕೇಳಿದರು, "ಅರ್ಜಿದು ಯಾಕೆ ಬರ್ತಾ ಇಲ್ಲ?"

"ಓದೋರೇ ಇಲ್ಲಮ್ಮ. ಈ ಕಡೆಯಿಂದ ಅದಕ್ಕೆ ಒಂದು ಕೂಪನೂ ಬರಲಿಲ್ಲ."

ಗಂಗಮ್ಮ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಮಂಜಪ್ಪನವರ ಅಂಕಣಗಳೆಲ್ಲ ಪಂಚಾಂಗದ ಹಾಗೆ ದಾರ ಹಾಕಿ ಹೊಲಿದು ಇದ್ದವು.

"ತಿರುವಿ ನೋಡಿ" ಎಂದರು.

ತಿರುವಿದೆ. ಕೊನೆಯ ಆರು ಹಾಳೆಗಳ ಬೆನ್ನಿಗೂ ನನ್ನ ಕೂಪನ್ ಹಾಗೇ ಇತ್ತು. ಅಂಕಣ ಬರುತ್ತಿದ್ದದ್ದು ನಾಲ್ಕನೇ ಪುಟದಲ್ಲಿ, ಸರಿಯಾಗಿ ಕೂಪನ್ನಿನ ಹಿಂದೆ.

"ಇದನ್ನ ಕತ್ತರಿಸಿದ್ರೆ ಅರ್ಜಿ ಅರ್ಧ ಹೋಗ್ತದಲ್ಲ ಮಾರಾಯ್ರೇ. ಬೇಕಾದೋರು ಯಾರು ಕತ್ತರಿಸ್ತಾರೆ?"

ಆಮೇಲೆ ಒಂದು ಬಿಳಿ ಹಾಳೆ ತೋರಿಸಿದರು. ಮೊದಲ ಕಂತು ನೋಡಿಕೊಂಡು, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ತಾವೇ ಬರೆದ ಅರ್ಧ ಅರ್ಜಿ. ಕಚೇರಿಗೆ ಕೊಡುವ ಗಡುವಿಗೆ ಹದಿನೈದು ದಿನವಷ್ಟೇ ಉಳಿದಿತ್ತು. ಬೇರೆಯವರಿಂದ ಬರೆಸಬಹುದಿತ್ತಲ್ಲ ಎಂದೆ.

"ಅವರು ಎಂತ ಬರೆದ್ರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಒಂದು ಮನೆ ಡ್ಯಾಮಿನ ಮುಳುಗಡೇಲಿ ಹೋಯ್ತು. ಇದೂ ಹೋಗೋದು ಬೇಡ."

ವಾಪಸು ಬರುವಾಗ ಲಾಂಚಿನಲ್ಲಿ ಕೂರಲಾಗಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದೆ. ನಾಚಿಕೆಗಿಂತ ಹೆಚ್ಚಾಗಿ ಭಯವಾಗಿತ್ತು. ಒಂದು ಸೊನ್ನೆಯನ್ನು ನಂಬಿ ಒಬ್ಬರ ಮನೆಗೆ ಕೈ ಹಾಕಿದ್ದೆ.

ಮರುದಿನ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಓಡಿದೆ. ಮಂಜಪ್ಪನವರು ನನ್ನ ಮಾತೆಲ್ಲ ಕೇಳಿಸಿಕೊಂಡು ಕಾಗದ, ಪೆನ್ನು ತಂದಿಟ್ಟರು.

"ಬಾಯಲ್ಲಿ ಹೇಳಿದ್ದು ಕಡತಕ್ಕೆ ಬರೋದಿಲ್ಲ. ಅರ್ಜಿ ಬರ್ದು ಕೊಡಿ."

'ಓದುಗರ ಹಿತದೃಷ್ಟಿಯಿಂದ ಅಂಕಣವನ್ನು ಮುಂದುವರಿಸಬೇಕಾಗಿ ವಿನಂತಿ' ಎಂದು ಬರೆದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹಿಂದಿರುಗಿಸಿದರು.

"ಕಾರಣ ಸರಿ ಇಲ್ಲ. ನಿಲ್ಸಿದ್ದು ಓದುಗರಲ್ಲ."

ಇನ್ನೆರಡು ಸಲ ಬರೆದೆ, ಎರಡು ಸಲವೂ ವಾಪಸು ಬಂತು. ನಾಲ್ಕನೇ ಸಲ ಬರೆದೆ: 'ಉತ್ತರ ಕೊಟ್ಟವರನ್ನು ಎಣಿಸಿದೆ. ಕೊಡದವರು ಯಾಕೆ ಕೊಡಲಿಲ್ಲ ಎಂದು ಕೇಳಲಿಲ್ಲ. ತಪ್ಪು ನನ್ನದು.'

ಅವರು ಓದಿ ಮಡಚಿಟ್ಟರು. ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ಕೊಟ್ಟರು. ಎರಡನೇ ಕಂತು. ಅಂಕಣ ನಿಂತ ವಾರದ ತಾರೀಕೇ ಅದರ ಮೇಲಿತ್ತು.

"ನಿಮ್ಮ ಕಾರ್ಡು ಬಂದ್ಮೇಲೇ ಬರೆದಿಟ್ಟೆ. ಅರ್ಧ ಅರ್ಜಿ ಜನರ ಕೈಲಿ ಇರಬಾರದು" ಎಂದರು.

ಆ ವಾರ ಅದು ಅಚ್ಚಾಯಿತು. ಅದರ ಕೆಳಗೇ, ಮಂಜಪ್ಪನವರ ಹಟದಿಂದ, 'ತಪ್ಪೊಪ್ಪಿಗೆ ಅರ್ಜಿಯ ಮಾದರಿ' ಎಂಬ ತಲೆಬರಹದಲ್ಲಿ ನನ್ನದೂ, ನನ್ನ ಹೆಸರು ಸಮೇತ. ಗಂಗಮ್ಮನ ಅರ್ಜಿ ಗಡುವಿಗೆ ಎರಡು ದಿನ ಮೊದಲು ಕಚೇರಿ ಸೇರಿತು. ಹಕ್ಕುಪತ್ರಕ್ಕೆ ಎರಡು ವರ್ಷ ಹಿಡಿಯಿತು, ಆದರೆ ಬಂತು.

ಆಮೇಲೆ ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಮಾಡಿದೆ, ದೊಡ್ಡ ಸಮೀಕ್ಷೆಗಳನ್ನೂ ನೋಡಿದೆ. ಎಲ್ಲಿ ಸೊನ್ನೆ ಕಂಡರೂ ಮೊದಲು ಹಾಳೆ ತಿರುವಿ ಹಿಂದೇನಿದೆ ಎಂದು ನೋಡುವುದು ಅಭ್ಯಾಸವಾಯಿತು.

ಮುಂದಿನ ಸಲ ತುಮರಿಗೆ ಹೋದಾಗ ಗಂಗಮ್ಮನ ಡಬ್ಬಿಯಲ್ಲಿ ನನ್ನ ತಪ್ಪೊಪ್ಪಿಗೆಯೂ ಹೊಲಿಗೆಯೊಳಗೆ ಸೇರಿತ್ತು. ಇದನ್ನೇಕೆ ಇಟ್ಟುಕೊಂಡಿರಿ ಎಂದು ಕೇಳಿದೆ.

"ಇರ್ಲಿ ಬಿಡಿ" ಎಂದರು. "ಎಲ್ಲಾರ್ಗೂ ಒಂದಲ್ಲ ಒಂದಿನ ಬೇಕಾಗ್ತದೆ."