ತೊಟ್ಟಿನ ತೂಕ

ಬ್ಯಾಡಗಿಯಲ್ಲಿ ನನ್ನ ಸೋದರಮಾವನದು ಸಣ್ಣ ಮೆಣಸಿನಕಾಯಿ ವ್ಯಾಪಾರ. ಅದರ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಸಿದವನು ನಾನು. ಹಾವೇರಿಯ ಆಡಿಟರು ಮೂರು ತಿಂಗಳಿಗೊಮ್ಮೆ ವರದಿ ಬೇಕೆಂದರು. ರಾಣೆಬೆನ್ನೂರಿನಿಂದ ಬಂದ ಸಾಫ್ಟ್‌ವೇರ್‌ನವನು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಅಳವಡಿಸಿಕೊಟ್ಟ. ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಓದಿದ ನಾನು ಪಕ್ಕದಲ್ಲೇ ಕುಳಿತು ಏನೇನು ಹಾಕಬೇಕೆಂದು ಹೇಳಿಕೊಟ್ಟೆ.

ಮೊದಲ ವರದಿಯಲ್ಲೇ ಎರಡು ಕ್ವಿಂಟಲ್ ಮಾಲು ಕಡಿಮೆ ಬಂತು. ಗೋದಾಮಿನ ಬೀಗದ ಕೈ ಇದ್ದದ್ದು ಒಬ್ಬಾಕೆಯ ಹತ್ತಿರ. ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮೇಲ್ವಿಚಾರಣೆ ಆಕೆಯದು. ಕದರಮಂಡಲಗಿಯಿಂದ ಬಸ್ಸಿಗೆ ಬಂದು ಎಷ್ಟೋ ವರ್ಷ ನಮ್ಮ ತೂಕದ ಪುಸ್ತಕ ಬರೆದವಳು.

ಮಾವ ಆ ಕಾಗದವನ್ನು ಹೆಂಗಸರೆಲ್ಲರ ಎದುರಿಗೇ ಆಕೆಯ ಮುಂದೆ ಹಿಡಿದ. "ನಾ ಅನ್ನಾಕತ್ತಿಲ್ಲ ಯವ್ವಾ, ಕಂಪ್ಯೂಟರ್ ಅನ್ನಾಕತ್ತೈತಿ. ಮಾಲು ಎಲ್ಲಿ ಹೋತು?"

"ಕಂಪ್ಯೂಟರಿಗೆ ತೊಟ್ಟು ಬಿಡಸಾಕ ಬರತೈತೇನ್ರಿ, ಸಾವಕಾರ್ರ?"

ಹೆಂಗಸರು ನಕ್ಕರು. ಆಕೆ ನಗಲಿಲ್ಲ. "ತೊಟ್ಟಿದ್ದ ಕಾಯಿ ಒಳಗ ಬರತೈತಿ, ತೊಟ್ಟಿಲ್ಲದ್ದು ಹೊರಗ ಹೋಗತೈತಿ. ತೊಟ್ಟು ಹಿತ್ತಲದಾಗ ಚೀಲ ಕಟ್ಟಿ ಇಟ್ಟೇನಿ. ತೂಗ್ರಿ."

ತೂಗಿದೆವು. ಎರಡು ಕ್ವಿಂಟಲ್‌ಗೆ ಐದಾರು ಕಿಲೋ ಕಮ್ಮಿ, ಅಷ್ಟೇ.

ಸಿಟ್ಟಿನಿಂದ ಸಾಫ್ಟ್‌ವೇರ್‌ನವನಿಗೆ ಫೋನು ಹಚ್ಚಿದೆ. "ಹಳೇ ಪುಸ್ತಕದಾಗ ತೊಟ್ಟಿನ ಕಾಲಂ ಇತ್ತಲ್ಲೋ, ಯಾಕ ಬಿಟ್ಟಿ?"

"ನೀವು ಹೇಳಿದ್ದಷ್ಟ ಹಾಕೇನ್ರಿ, ಸರ್."

ಆಡಿಟರು ಇನ್ನೂ ಸಲೀಸು: "ವೇಸ್ಟೇಜ್ ಅಂತ ತೋರಿಸ್ರಿ, ಮುಗೀತು." ಮುಗಿಯಿತಂತೆ. ಹತ್ತು ಜನರೆದುರು ಒಬ್ಬ ಹೆಂಗಸನ್ನು ಕಳ್ಳಿ ಎಂದಂತಾಯಿತಲ್ಲ, ಅದನ್ನು ಯಾವ ಕಾಲಂನಲ್ಲಿ ತೋರಿಸುವುದು?

ಆಕೆ ಕೇಳಿದ್ದು ಒಂದೇ. "ಇವರ ಮುಂದನ ತಪ್ಪಾತು ಅನ್ರಿ."

"ವರದಿ ತಿದ್ದಸತೇನಲ್ಲ ಯವ್ವಾ," ಎಂದ ಮಾವ.

ಆಕೆ ಬೀಗದ ಕೈಯನ್ನು ಕಂಪ್ಯೂಟರಿನ ಪಕ್ಕ ಇಟ್ಟು ನನ್ನತ್ತ ತಿರುಗಿದಳು. "ತೊಟ್ಟಿನ ಕಾಲಂ ಬಿಡಬ್ಯಾಡ್ರಿ ಅಂತ ನಿಮಗ ಮೊದಲನೇ ದಿನಾನ ಹೇಳಿದ್ದೆ, ತಮ್ಮಾ."

ಹೇಳಿರಲಿಲ್ಲ ಎಂದೇ ನನಗೆ ಖಾತ್ರಿಯಿತ್ತು. ಎಲ್ಲರ ಮಾತಿಗೂ ಪುರಾವೆ ಕೇಳುವವನು ನಾನು. ಆಕೆ ಹೋದ ಮೇಲೆ ಹಳೆಯ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ತೊಟ್ಟಿನ ಕಾಲಂ ಮೇಲೆ ಅಡ್ಡಗೀಟು, ಪಕ್ಕದಲ್ಲಿ 'ಬೇಡ' ಎಂದು ಬರೆದಿತ್ತು. ಅಕ್ಷರ ನನ್ನದೇ. ಬರೆದ ನೆನಪು ಇವತ್ತಿಗೂ ಇಲ್ಲ.

ಮರುದಿನ ಪುಸ್ತಕ ಹಿಡಿದು ಕದರಮಂಡಲಗಿಗೆ ಹೋದೆ. ಆಕೆ ಪುಟ ನೋಡಿದಳು. "ನನಗ್ಯಾಕ ತೋರಸತೀರಿ? ಅವರಿಗೆ ತೋರಸ್ರಿ."

ತೋರಿಸಿದೆ. ಹೆಂಗಸರ ನಡುವೆ ನಿಂತು ಓದಿ ಹೇಳಿದೆ. ಮಾವ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ಆಕೆ ಈಗ ಬೇರೆ ಅಂಗಡಿಯಲ್ಲಿ ತೂಕ ಬರೆಯುತ್ತಾಳೆ.